ಹೊಸ ಕುದುರೆ ಮಾತು ಕೇಳುತ್ತಿಲ್ಲವೇ? ರೇಸ್ ಬಿಟ್ಟು ಬಂದ ಕುದುರೆ, ಹೆದರಿದ ಮಾಲೀಕರು: ತೊಂದರೆ ಹುಡುಕುವ ಕ್ರಮ

ರೇಸ್ ಮುಗಿಸಿದ ಥರೋಬ್ರೆಡ್ ಕುದುರೆಗಳು ಬೆಂಗಳೂರು, ಮೈಸೂರು ಕಡೆ ಆಗಾಗ ಮಾರಾಟಕ್ಕೆ ಬರುತ್ತವೆ. ನೋಡಲು ಚೆಂದ, ವಯಸ್ಸು ಐದೋ ಆರೋ. ಕೊಳ್ಳುವ ದಿನ ತಲೆ ತಗ್ಗಿಸಿ ಸುಮ್ನೆ ನಿಂತಿರುತ್ತದೆ. ಮನೆಗೆ ಬಂದ ಎರಡು ಮೂರು ವಾರದಲ್ಲಿ ಅದೇ ಕುದುರೆ ಜೀನು ಕಂಡರೆ ಕಿವಿ ಹಿಂದಕ್ಕೆ ಮಲಗಿಸುತ್ತದೆ, ಕಚ್ಚಲು ಬರುತ್ತದೆ, ಹತ್ತಲು ಹೋದರೆ ನಿಲ್ಲುವುದೇ ಇಲ್ಲ. ಮಾಲೀಕರಿಗೆ ಲಾಯದ ಬಾಗಿಲು ತೆಗೆಯುವಾಗಲೇ ಕೈ ನಡುಗಲು ಶುರು.

ಆಗ ಸುತ್ತಲಿನವರು ಎರಡೇ ಮಾತು ಹೇಳುತ್ತಾರೆ. ಒಂದು, 'ಕುದುರೆ ಕೆಟ್ಟದ್ದು.' ಇನ್ನೊಂದು, 'ನಿಮಗೆ ಭಯ, ಅದಕ್ಕೆ ಗೊತ್ತಾಗಿಬಿಟ್ಟಿದೆ.' ಎರಡೂ ಉಪಯೋಗಕ್ಕೆ ಬಾರದ ಮಾತು. ನಾಳೆ ಬೆಳಿಗ್ಗೆ ಏನು ಮಾಡಬೇಕು ಅನ್ನುವುದನ್ನು ಎರಡೂ ಹೇಳುವುದಿಲ್ಲ.

ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ಇದೆಯಾ ನೋಡುತ್ತೇವೆ, ನೇರವಾಗಿ ಎಂಜಿನ್ ಬಿಚ್ಚುವುದಿಲ್ಲ. ಇಲ್ಲಿಯೂ ಒಂದು ಕ್ರಮ ಬೇಕು. ಮೊದಲು ಕುದುರೆಯ ಮೈ, ಆಮೇಲೆ ಮೇವು ಮತ್ತು ಲಾಯ, ಆಮೇಲೆ ಜೀನು ಮತ್ತು ಕಡಿವಾಣ, ಆಮೇಲೆ ಅದು ಕಲಿತದ್ದು ಮತ್ತು ಕಲಿಯದ್ದು. ಮಾಲೀಕರ ಭಯ ಕೊನೆಗೆ. ಭಯ ಮುಖ್ಯವಲ್ಲ ಅಂತಲ್ಲ. ನೋವಿರುವ ಕುದುರೆಯ ಮೇಲೆ ಎಷ್ಟೇ ಧೈರ್ಯದಿಂದ ಕೂತರೂ ಅದು ಬೀಳಿಸುತ್ತದೆ, ಅದಕ್ಕೆ.

ಸವಾರಿ ನಿಲ್ಲಿಸಿ, ಬರೆದಿಡಿ

ಕಾರಣ ಸಿಗುವವರೆಗೆ ಹತ್ತಬೇಡಿ. ಕುದುರೆಯನ್ನು ಕೈಯಲ್ಲಿ ನಡೆಸಬಹುದು, ಬೇಲಿಯೊಳಗೆ ಬಿಡಬಹುದು. ಎರಡು ಮೂರು ವಾರ ಸವಾರಿ ಇಲ್ಲದಿದ್ದರೆ ಕುದುರೆಗೇನೂ ನಷ್ಟವಿಲ್ಲ.

ಹತ್ತಿರ ಹೋಗುವಾಗ ಕುದುರೆ ಸವಾರಿಯ ಹೆಲ್ಮೆಟ್ ಇರಲಿ, ಬೈಕಿನದ್ದಲ್ಲ. ಮುಂದೆ ಮುಚ್ಚಿದ ಗಟ್ಟಿ ಶೂ ಹಾಕಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಿಚಿ ಹಿಡಿಯಿರಿ. ಕಟ್ಟುವಾಗ ನೇರವಾಗಿ ಕಂಬಿಗೆ ಕಟ್ಟದೆ, ನಡುವೆ ಎಳೆದರೆ ಹರಿಯುವಂಥ ಸುತಲಿಯ ಕುಣಿಕೆ ಹಾಕಿ. ಕುದುರೆಗೆ ತನ್ನ ಸುತ್ತ ಬಹುಪಾಲು ಎಲ್ಲ ಕಡೆ ಕಾಣುತ್ತದೆ. ಕಾಣದ ಜಾಗ ಎರಡು: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಹಾಗಾಗಿ ಭುಜದ ಪಕ್ಕದಿಂದ, ಮಾತಾಡಿಸುತ್ತಾ ಹೋಗಿ.

ಈಗ ಒಂದು ನೋಟ್‌ಬುಕ್. ಪ್ರತಿ ಗಲಾಟೆಗೂ ಇಷ್ಟು ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಹಿಡಿದಿದ್ದರು, ಮೇವಿಗೆ ಮೊದಲೋ ನಂತರವೋ, ಜೀನು ಇತ್ತೋ ಇಲ್ಲವೋ, ಎಡಕ್ಕೋ ಬಲಕ್ಕೋ, ಹತ್ತಿರ ಬೇರೆ ಕುದುರೆ ಇತ್ತೋ. ಮೊಬೈಲಿನಲ್ಲಿ ವಿಡಿಯೊ ತೆಗೆಸಿದರೆ ಇನ್ನೂ ಒಳ್ಳೆಯದು. 'ಯಾವಾಗಲೂ ಹೀಗೇ ಮಾಡುತ್ತೆ' ಅನ್ನುವ ಮಾಲೀಕರ ಪುಟ ತಿರುವಿದರೆ, ಆ 'ಯಾವಾಗಲೂ' ಅಂದರೆ ಹೊಟ್ಟೆಪಟ್ಟಿ (ಜೀನು ಜಾರದಂತೆ ಹೊಟ್ಟೆಯ ಕೆಳಗಿಂದ ಕಟ್ಟುವ ಪಟ್ಟಿ) ಬಿಗಿಯುವಾಗ ಮಾತ್ರ, ಅಥವಾ ಲಾಯದಿಂದ ದೂರ ಹೋಗುವಾಗ ಮಾತ್ರ ಅಂತ ಕಾಣುತ್ತದೆ. ಹೆಣ್ಣು ಕುದುರೆಯಾದರೆ ಗಲಾಟೆ ಸುಮಾರು 21 ದಿನಕ್ಕೊಮ್ಮೆ ಮರಳುತ್ತದಾ ನೋಡಿ. ಬೆದೆಯ ಚಕ್ರ ಅಷ್ಟೇ ದಿನದ್ದು.

ಮೈ ನೋವು ಇದೆಯಾ?

ಕುದುರೆ ಆರಾಮವಾಗಿದ್ದಾಗ ಮೂರು ಅಳತೆ ಮಾಡಿ. ಎದೆಬಡಿತ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಜ್ವರದ ಅಳತೆ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಸುಮ್ಮನೆ ನಿಂತ ಕುದುರೆಯಲ್ಲಿ ಇವು ಮತ್ತೆ ಮತ್ತೆ ಮೇಲಿದ್ದರೆ ತರಬೇತುದಾರರಿಗಲ್ಲ, ಪಶುವೈದ್ಯರಿಗೆ ಫೋನ್ ಮಾಡಿ. ದನ ನೋಡುವ ಎಲ್ಲ ವೈದ್ಯರಿಗೂ ಕುದುರೆಯ ಅನುಭವ ಇರುವುದಿಲ್ಲ. ರೇಸ್ ಕುದುರೆ ನೋಡಿ ಅಭ್ಯಾಸವಿರುವವರನ್ನು ಹುಡುಕಿ. ಬೆಂಗಳೂರಿನವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು.

ರೇಸ್ ಬಿಟ್ಟು ಬಂದ ಕುದುರೆಯಲ್ಲಿ ನಾನು ಮೊದಲು ಅನುಮಾನಿಸುವುದು ಹೊಟ್ಟೆಯ ಹುಣ್ಣು. ಕುದುರೆಯ ಹೊಟ್ಟೆಯಲ್ಲಿ ಆಸಿಡ್ ದಿನವಿಡೀ ಊರುತ್ತದೆ, ತಿಂದರೂ ತಿನ್ನದಿದ್ದರೂ. ಅದನ್ನು ತಣಿಸುವ ಜೊಲ್ಲು ಮಾತ್ರ ಹುಲ್ಲು ಅಗಿದಾಗಲೇ ಬರುತ್ತದೆ. ರೇಸಿನ ಲಾಯದಲ್ಲಿ ಕಾಳು ಜಾಸ್ತಿ, ಹುಲ್ಲು ಕಡಿಮೆ, ಮೇಲೆ ಓಟ. ಓಡುವಾಗ ಆಸಿಡ್ ಹೊಟ್ಟೆಯ ಮೇಲ್ಭಾಗಕ್ಕೆ ಚಿಮ್ಮುತ್ತದೆ, ಆ ಭಾಗಕ್ಕೆ ರಕ್ಷಣೆಯ ಲೋಳೆ ಪದರವಿಲ್ಲ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಕಾಳನ್ನು ಅರ್ಧಕ್ಕೆ ಬಿಡುವುದು, ಕೂದಲಿಗೆ ಹೊಳಪಿಲ್ಲದಿರುವುದು, ತಿಂದ ಮೇಲೆ ಚಡಪಡಿಸುವುದು ಇದ್ದರೆ ಈ ಕಡೆ ಬೆರಳು ತೋರಿಸಿ. ಖಚಿತವಾಗಲು ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿಯೇ ನೋಡಬೇಕು, ಸುಮಾರು 3 ಮೀಟರ್ ಉದ್ದದ ಕೊಳವೆ ಬೇಕು. ಔಷಧಿ ಇದೆ, ವಾಸಿಯೂ ಆಗುತ್ತದೆ. ಆದರೆ ಮೆಡಿಕಲ್ ಶಾಪಿನಿಂದ ಮನುಷ್ಯರ ಗ್ಯಾಸ್ ಮಾತ್ರೆ ತಂದು ತಿನ್ನಿಸಬೇಡಿ. 450-500 ಕೆಜಿ ತೂಗುವ ಪ್ರಾಣಿಗೆ ಎಷ್ಟು, ಯಾವ ರೂಪದಲ್ಲಿ, ಎಷ್ಟು ದಿನ ಅಂತ ವೈದ್ಯರೇ ಹೇಳಬೇಕು.

ಮುಂದಿನದು ಹಲ್ಲು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಸರಿ. ದುಡ್ಡು ಕೊಟ್ಟ ಕುದುರೆಯ ಹಲ್ಲು ಎಣಿಸಲೇಬೇಕು. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2-3 ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ. ಸವೆತ ಸಮನಾಗದಿದ್ದರೆ ಮೇಲಿನ ಹಲ್ಲುಗಳ ಹೊರ ಅಂಚು ಚೂಪಾಗಿ ಕೆನ್ನೆ ಕೊರೆಯುತ್ತದೆ, ಕೆಳಗಿನವುಗಳ ಒಳ ಅಂಚು ನಾಲಿಗೆ ಕೊರೆಯುತ್ತದೆ. ಒಂದೇ ಕಡೆಯ ಲಗಾಮಿಗೆ ತಲೆ ಎತ್ತುವುದು, ಅಗಿದ ಹುಲ್ಲನ್ನು ಉಂಡೆ ಮಾಡಿ ಉಗುಳುವುದು, ಲದ್ದಿಯಲ್ಲಿ ಇಡೀ ಕಾಳು ಕಾಣುವುದು ಇದರ ಗುರುತು. ವರ್ಷಕ್ಕೊಮ್ಮೆಯಾದರೂ ಹಲ್ಲಿನ ಚೂಪು ಅಂಚನ್ನು ಅರದಿಂದ ಉಜ್ಜಿಸಬೇಕು.

ಬೆನ್ನು, ಕಾಲು, ಗೊರಸು. ಬೆನ್ನಿನ ಎರಡೂ ಬದಿಯ ಸ್ನಾಯುವಿನ ಮೇಲೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಒಂದೇ ಜಾಗದಲ್ಲಿ ಪ್ರತಿ ಸಲ ಬೆನ್ನು ಕುಸಿದರೆ ಅಥವಾ ಬಾಲ ಬೀಸಿದರೆ ಬರೆದುಕೊಳ್ಳಿ. ನಾಲ್ಕೂ ಗೊರಸಿನ ಬಿಸಿ ಹೋಲಿಸಿ. ಲಾಳವನ್ನು 4ರಿಂದ 6 ವಾರಕ್ಕೊಮ್ಮೆ ಬದಲಿಸಬೇಕು. ಕೊಂಡಾಗ ಯಾರೂ ಕೊನೆಯ ತಾರೀಖು ಹೇಳಿರುವುದಿಲ್ಲ, ಹಾಗಾಗಿ ತಿಂಗಳು ಮೀರಿದ್ದೇ ಗೊತ್ತಾಗುವುದಿಲ್ಲ. ಇನ್ನೊಂದು ಸುಳಿವು ಮನೆಯಲ್ಲೇ ಕೂತು ಸಿಗುತ್ತದೆ. ರೇಸಿನ ಫಲಿತಾಂಶಗಳು ಎಲ್ಲರಿಗೂ ತೆರೆದಿರುತ್ತವೆ. ಕುದುರೆಯ ಹೆಸರು ಹಾಕಿ ಹುಡುಕಿ. ನಿಯಮಿತವಾಗಿ ಓಡುತ್ತಿದ್ದ ಕುದುರೆ ತಿಂಗಳುಗಟ್ಟಲೆ ಕಾಣೆಯಾಗಿ ಮತ್ತೆ ಬಂದಿದ್ದರೆ, ಆ ಅಂತರದಲ್ಲಿ ಕಾಲಿಗೆ ಏನಾಗಿತ್ತು ಅಂತ ವೈದ್ಯರಿಂದ ಸ್ಕ್ಯಾನ್ ಮಾಡಿಸಿ ನೋಡುವುದು ಲೇಸು. ಕುದುರೆಯ ಪಾಸ್‌ಪೋರ್ಟಿನ (ಗುರುತಿನ ಪುಸ್ತಕದ) ನಂಬರು ಕತ್ತಿನ ಮೈಕ್ರೋಚಿಪ್‌ಗೆ ಹೊಂದುತ್ತದಾ ಅಂತಲೂ ಅದೇ ದಿನ ನೋಡಿಸಿ. ಹೊಂದದಿದ್ದರೆ ನೀವು ಓದುತ್ತಿರುವುದು ಬೇರೆ ಯಾವುದೋ ಕುದುರೆಯ ಚರಿತ್ರೆ!

ಸವಾರಿಯಲ್ಲಿ ಮಾತ್ರ ಗಲಾಟೆ ಇದ್ದರೆ ಒಂದು ಒಳ್ಳೆಯ ಅಳತೆಗೋಲಿದೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ 24 ವರ್ತನೆಗಳ ಪಟ್ಟಿ ಪ್ರಕಟಿಸಿದರು. ಕಿವಿ ತುಂಬಾ ಹೊತ್ತು ಹಿಂದಕ್ಕಿರುವುದು, ಬಾಯಿ ಮತ್ತೆ ಮತ್ತೆ ತೆರೆಯುವುದು, ಬಾಲ ಬೀಸುವುದು, ಹಿಂಗಾಲಿನ ತುದಿ ಎಳೆಯುವುದು, ಮುಂದೆ ಹೋಗಲು ಒಪ್ಪದಿರುವುದು, ಹಿಂಗಾಲಲ್ಲಿ ನಿಲ್ಲುವುದು ಎಲ್ಲ ಅದರಲ್ಲಿವೆ. 24ರಲ್ಲಿ 8 ಅಥವಾ ಜಾಸ್ತಿ ಕಂಡರೆ ಸ್ನಾಯು-ಮೂಳೆಯ ನೋವು ಇರುವ ಸಾಧ್ಯತೆ ಹೆಚ್ಚು. ನಿಮ್ಮ ಹಳೆಯ ವಿಡಿಯೊ ಇಟ್ಟುಕೊಂಡು ಎಣಿಸಿ. 'ಮೊಂಡುತನ' ಅಂತ ಬೈಸಿಕೊಂಡದ್ದರಲ್ಲಿ ಎಷ್ಟೋ ಇಲ್ಲೇ ಸಿಗುತ್ತದೆ.

ವೈದ್ಯರು ಕೆಲವು ದಿನ ನೋವಿನ ಔಷಧಿ ಕೊಟ್ಟು ಪರೀಕ್ಷೆ ಮಾಡಬಹುದು. ಔಷಧಿಯಲ್ಲಿ ವರ್ತನೆ ಸುಧಾರಿಸಿದರೆ ಕಾರಣ ನೋವು ಅಂತ ಬಹುತೇಕ ಗಟ್ಟಿ. ಸುಧಾರಿಸದಿದ್ದರೆ ನೋವಿಲ್ಲ ಅಂತ ಅರ್ಥವಲ್ಲ. ಕೆಲವು ನೋವು ಆ ಔಷಧಿಗೆ ಬಗ್ಗುವುದಿಲ್ಲ.

ಕೊಳ್ಳುವಾಗ ಸಾಧುವಾಗಿತ್ತಲ್ಲ?

ಎಲ್ಲರೂ ಮೊದಲು ಹೇಳುವುದು 'ಮತ್ತಿನ ಇಂಜೆಕ್ಷನ್ ಕೊಟ್ಟಿದ್ದರು' ಅಂತ. ಹಾಗೂ ನಡೆಯುತ್ತದೆ. ಅದಕ್ಕೇ ಕೊಳ್ಳುವ ದಿನದ ತಪಾಸಣೆಯಲ್ಲಿ ರಕ್ತ ತೆಗೆದು ಇಟ್ಟುಕೊಳ್ಳುವ ರೂಢಿ ಇದೆ. ಆದರೆ ಅಂಥ ಔಷಧಿಯ ಮತ್ತು ಸಾಮಾನ್ಯವಾಗಿ ಕೆಲವು ಗಂಟೆಯದ್ದು. ನಿಮ್ಮ ಕುದುರೆ ಮೂರು ವಾರ ಸುಮ್ಮನಿದ್ದು ಆಮೇಲೆ ಬದಲಾಗಿದ್ದರೆ ಇಂಜೆಕ್ಷನ್ ಕಾರಣವಾಗಿರುವ ಸಾಧ್ಯತೆ ಕಡಿಮೆ.

ಹೆಚ್ಚು ಸಂಭವನೀಯ ಕಾರಣ ಬೇರೆ. ಬಡಕಲಾಗಿದ್ದ ಕುದುರೆಗೆ ಗಲಾಟೆ ಮಾಡಲು ಶಕ್ತಿಯೇ ಇರಲಿಲ್ಲ. ನೀವು ಪ್ರೀತಿಯಿಂದ ತಿನ್ನಿಸಿದಿರಿ, ಮೈ ತುಂಬಿತು, ಶಕ್ತಿ ಬಂತು. ಈಗ ಕಾಣುತ್ತಿರುವುದೇ ಅದರ ನಿಜವಾದ ಸ್ವಭಾವ. ಇದು ಕೆಟ್ಟ ಸುದ್ದಿಯೇನಲ್ಲ, ಆದರೆ ಕೊಂಡ ದಿನದ ಕುದುರೆ ವಾಪಸ್ ಬರುವುದಿಲ್ಲ ಅಂತ ಒಪ್ಪಿಕೊಳ್ಳಬೇಕು. ತಿನ್ನಿಸಿದರೂ ಮೈ ತುಂಬದೆ, ಜ್ವರ ಬಂದು ಹೋಗುತ್ತಾ ಕಾಲು ಬಾತುಕೊಂಡರೆ ರಕ್ತ ಪರೀಕ್ಷೆ ಮಾಡಿಸಿ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗ ನಮ್ಮ ದೇಶದಲ್ಲಿ ಇದ್ದೇ ಇದೆ.

ಮೇವು ಮತ್ತು ಲಾಯ

ರೇಸಿನ ಕಾಳು ರೇಸಿಗೆ. ದಿನಕ್ಕೆ ಅರ್ಧ ಗಂಟೆ ನಡೆಯುವ ಕುದುರೆಗೆ ಬಕೆಟ್ಟುಗಟ್ಟಲೆ ಓಟ್ಸ್, ಹುರುಳಿ ಹಾಕಿದರೆ ಆ ಶಕ್ತಿ ಎಲ್ಲಿಂದಲಾದರೂ ಹೊರಗೆ ಬರಲೇಬೇಕು. ಹುಲ್ಲು ಮುಖ್ಯ: ಒಣಗಿದ ಲೆಕ್ಕದಲ್ಲಿ ಮೈತೂಕದ ಶೇಕಡಾ 1.5ರಿಂದ 2. 450 ಕೆಜಿಯ ಕುದುರೆಗೆ ದಿನಕ್ಕೆ ಸುಮಾರು 7ರಿಂದ 9 ಕೆಜಿ ಆಯಿತು. ಹಸಿ ಹುಲ್ಲಾದರೆ ಅದರಲ್ಲಿ ಬಹುಪಾಲು ನೀರು, ಹಾಗಾಗಿ ತೂಕ ಎಷ್ಟೋ ಪಟ್ಟು ಬೇಕು. ಕಾಳು ಇಳಿಸುವುದನ್ನೂ ಹುಲ್ಲು ಬದಲಿಸುವುದನ್ನೂ ಹತ್ತು ಹದಿನಾಲ್ಕು ದಿನದಲ್ಲಿ ನಿಧಾನವಾಗಿ ಮಾಡಿ, ಇಲ್ಲದಿದ್ದರೆ ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಅದಕ್ಕೇ ಅದರ ಹೊಟ್ಟೆನೋವು ಪ್ರಾಣಕ್ಕೆ ಬರುತ್ತದೆ. ಸವಾರಿಗೆ ಅರ್ಧ ಗಂಟೆ ಮೊದಲು ಒಂದು ಹಿಡಿ ಒಣಗಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಕೊಟ್ಟರೆ ಆಸಿಡ್ ಚಿಮ್ಮುವುದು ತಗ್ಗುತ್ತದೆ.

ನಮ್ಮ ಕಡೆ ಒಂದು ವಿಶೇಷ ಎಚ್ಚರಿಕೆ. ಬರೀ ನೇಪಿಯರ್ ಹುಲ್ಲು, ಮೇಲೆ ಗೋಧಿ ಬೂಸಾ ಅಂತ ತಿಂಗಳುಗಟ್ಟಲೆ ನಡೆಸಬೇಡಿ. ಆ ಹುಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ, ಬೂಸಾದಲ್ಲಿ ರಂಜಕ ಜಾಸ್ತಿ. ಮೂಳೆ ಸೊರಗಿ, ಕುದುರೆ ಒಂದು ದಿನ ಈ ಕಾಲು, ಇನ್ನೊಂದು ದಿನ ಆ ಕಾಲು ಕುಂಟುತ್ತದೆ. ಹಸುವಿಗೆ ಒಗ್ಗಿದ್ದು ಕುದುರೆಗೂ ಒಗ್ಗುತ್ತದೆ ಅಂತ ಅಂದುಕೊಂಡರೆ ಹೀಗಾಗುತ್ತದೆ.

ಇನ್ನು ಲಾಯ. ರೇಸಿನಲ್ಲೂ ಕುದುರೆ ದಿನದ ಬಹುಪಾಲು ಒಳಗೇ ಇತ್ತು, ನಿಜ. ಆದರೆ ಸುತ್ತ ಹತ್ತಾರು ಕುದುರೆಗಳಿದ್ದವು, ಬೆಳಕು ಹರಿಯುವ ಹೊತ್ತಿಗೆ ವ್ಯಾಯಾಮ ಇತ್ತು. ನಿಮ್ಮ ತೋಟದಲ್ಲಿ ಅದು ಒಂಟಿ. ಕೆನೆಯುವುದು, ಬಾಗಿಲು ಒದೆಯುವುದು, ಬೇಲಿಯುದ್ದಕ್ಕೂ ಓಡಾಡುವುದು ಒಂಟಿತನದ ಲಕ್ಷಣ. ಇನ್ನೊಂದು ಕುದುರೆ ಉತ್ತಮ, ಕತ್ತೆಯೂ ಆದೀತು, ಏನೂ ಇಲ್ಲದಿದ್ದರೆ ಮೇಕೆ. ಬೆಳಿಗ್ಗೆ ಬೇಗ ಎದ್ದು ಹೊರಗೆ ಬಿಡಿ.

ಇಲ್ಲಿ ಹೆದರಿದ ಮಾಲೀಕರದ್ದೊಂದು ಸುಳಿ ಇದೆ. ಕುದುರೆ ಕಂಡರೆ ಕಾಲು ನೋವು ಅಂತ ಗಾದೆ. ಇವರಿಗೆ ಕುದುರೆ ಕಂಡರೆ ಆಫೀಸಿನ ಕೆಲಸ ನೆನಪಾಗುತ್ತದೆ. ಇವತ್ತು ಬಿಸಿಲು, ನಾಳೆ ಮೀಟಿಂಗ್. ಕುದುರೆ ಒಳಗೇ ಉಳಿಯುತ್ತದೆ, ಹೊರಗೆ ಬಂದ ದಿನ ಜಾಸ್ತಿ ಕುಣಿಯುತ್ತದೆ, ಭಯ ಇನ್ನೂ ಬೆಳೆಯುತ್ತದೆ. ಹತ್ತಲು ಧೈರ್ಯ ಬೇಡ, ಹೊರಗೆ ಬಿಡಲು ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಸಹಾಯ ಸಾಕಲ್ವಾ?

ಜೀನು, ಕಡಿವಾಣ

ರೇಸಿನ ಜೀನು ಅಂಗೈ ಅಗಲದ ಹಗುರ ವಸ್ತು. ನೀವು ಹಾಕುತ್ತಿರುವುದು ಅದರ ಹಲವು ಪಟ್ಟು ಭಾರದ್ದು, ಬೆನ್ನಿನ ಮೇಲೆ ತುಂಬಾ ಹಿಂದಿನವರೆಗೆ ಬರುವಂಥದ್ದು. ಥರೋಬ್ರೆಡ್‌ಗಳ ಹೆಗಲಿನ ಏಣು (ಕತ್ತು ಬೆನ್ನಿಗೆ ಸೇರುವ ಕಡೆಯ ಉಬ್ಬು) ಎತ್ತರ. ನೀವು ಮೇಲೆ ಕೂತಾಗಲೂ ಆ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಸವಾರಿ ಮುಗಿದ ಮೇಲೆ ಬೆವರಿನ ಗುರುತು ನೋಡಿ. ಒದ್ದೆಯ ನಡುವೆ ಅಂಗೈಯಷ್ಟು ಒಣ ಜಾಗ ಉಳಿದಿದ್ದರೆ ಅಲ್ಲಿ ಒತ್ತುತ್ತಿರಬಹುದು. ಬಿಳಿ ಕೂದಲಿನ ಚುಕ್ಕೆಗಳು ಹಳೆಯ ಗಾಯದ ಗುರುತು. ಮೈ ತುಂಬುತ್ತಾ ಬೆನ್ನಿನ ಆಕಾರವೂ ಬದಲಾಗುತ್ತದೆ. ಕೊಂಡ ತಿಂಗಳು ಸರಿ ಕೂತ ಜೀನು ಮೂರು ತಿಂಗಳಿಗೆ ಬಿಗಿಯಾಗಬಹುದು.

ಕಡಿವಾಣದ ಬಗ್ಗೆ ಒಂದೇ ಮಾತು: ಓಡುತ್ತದೆ ಅಂತ ಇನ್ನೂ ಕಠಿಣವಾದದ್ದು ತರಬೇಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ರೇಸಿನಲ್ಲಿ ಕಲಿತದ್ದು, ಕಲಿಯದ್ದು

ಮೈ, ಮೇವು, ಜೀನು ಮೂರೂ ಸರಿಯಿದ್ದೂ ತೊಂದರೆ ಉಳಿದಿದ್ದರೆ ಇಲ್ಲಿಗೆ ಬನ್ನಿ. ಈ ಕುದುರೆ ತರಬೇತಿ ಇಲ್ಲದ್ದಲ್ಲ. ಚೆನ್ನಾಗಿ ತರಬೇತಿ ಆಗಿದೆ, ಬೇರೆ ಕೆಲಸಕ್ಕೆ. ಅದಕ್ಕೆ ಗೊತ್ತಿರುವ ಸನ್ನೆಗಳೂ ನಿಮಗೆ ಗೊತ್ತಿರುವ ಸನ್ನೆಗಳೂ ಒಂದಕ್ಕೊಂದು ಉಲ್ಟಾ.

ಲಗಾಮು ಎಳೆದಷ್ಟೂ ಜೋರಾಗಿ ಓಡುತ್ತದೆ. ಹೆದರಿದವರಿಗೆ ಅತಿ ದೊಡ್ಡ ಅಪಾಯ ಇದೇ. ಜಾಕಿ ಲಗಾಮು ಗಿಡ್ಡ ಮಾಡಿ ಗಟ್ಟಿ ಹಿಡಿದರೆ ಕುದುರೆ ಅದಕ್ಕೆ ಒರಗಿ ಓಟಕ್ಕೆ ಸಿದ್ಧವಾಗುತ್ತದೆ. ಅದೇ ಅದರ ಪಾಠ. ನೀವು ಭಯಕ್ಕೆ ಲಗಾಮು ಹಿಡಿದೆಳೆದು ಮುಂದಕ್ಕೆ ಬಾಗುತ್ತೀರಿ. ಕುದುರೆಗೆ ಕಾಣುವುದು ಜಾಕಿ. ಓಡುತ್ತದೆ. ನೀವು ಇನ್ನೂ ಎಳೆಯುತ್ತೀರಿ. ಕಠಿಣ ಕಡಿವಾಣ ಈ ಸುತ್ತಿಗೆ ನೋವನ್ನು ಸೇರಿಸುತ್ತದೆ ಅಷ್ಟೇ. ಪರಿಹಾರ: ನೆಟ್ಟಗೆ ಕೂತು, ಒಂದೇ ಲಗಾಮನ್ನು ಮೆಲ್ಲಗೆ ಪಕ್ಕಕ್ಕೆ ತಂದು, ದೊಡ್ಡ ವೃತ್ತದಲ್ಲಿ ತಿರುಗಿಸಿ ವೃತ್ತವನ್ನು ಚಿಕ್ಕದು ಮಾಡುತ್ತಾ ಬನ್ನಿ. ವೇಗ ಇಳಿದ ಕ್ಷಣ ಕೈ ಸಡಿಲಿಸಿ. ಇದನ್ನು ಮೊದಲು ನೆಲದ ಮೇಲೆ, ಆಮೇಲೆ ನಡಿಗೆಯಲ್ಲಿ, ಬೇಲಿ ಹಾಕಿದ ಜಾಗದಲ್ಲಿ ಅಭ್ಯಾಸ ಮಾಡಿ. ಓಟದ ಮಧ್ಯೆ ಕಲಿಯುವುದಲ್ಲ.

ಹತ್ತುವಾಗ ನಿಲ್ಲುವುದಿಲ್ಲ. ಜಾಕಿಯನ್ನು ಇನ್ನೊಬ್ಬರು ಕಾಲು ಹಿಡಿದು ಮೇಲೆತ್ತುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ಸ್ಟೂಲಿನ ಪಕ್ಕ ಅಲ್ಲಾಡದೆ ನಿಲ್ಲು ಅಂತ ಯಾರೂ ಅದಕ್ಕೆ ಹೇಳಿಲ್ಲ. ಒಂದು ದಿನ ಸ್ಟೂಲಿನ ಪಕ್ಕ ನಿಲ್ಲಿಸಿ, ಸವರಿ, ವಾಪಸ್ ಕರೆತನ್ನಿ. ಇನ್ನೊಂದು ದಿನ ನೀವು ಸ್ಟೂಲು ಹತ್ತಿ ಇಳಿಯಿರಿ. ಆಮೇಲೆ ಜೀನಿನ ಮೇಲೆ ಕೈಯಿಂದ ಭಾರ ಹಾಕಿ. ಕದಲಿದರೆ ಬೈಯದೆ ಮತ್ತೆ ಅದೇ ಜಾಗಕ್ಕೆ ತನ್ನಿ. ರಿಕಾಪಿಗೆ ಕಾಲಿಡುವುದು ಕೊನೆಯ ಹಂತ.

ಹೊಟ್ಟೆಗೆ ಕಾಲು ತಾಗಿದರೆ ಹಾರುತ್ತದೆ. ಜಾಕಿಯ ರಿಕಾಪು ತುಂಬಾ ಮೇಲಿರುತ್ತದೆ, ಅವನ ಕಾಲು ಕುದುರೆಯ ಪಕ್ಕೆಗೆ ತಬ್ಬುವುದಿಲ್ಲ. ನಿಮ್ಮ ಹಿಮ್ಮಡಿ ಅದಕ್ಕೆ ಹೊಸದು. ಕೆಳಗೆ ನಿಂತೇ ಅಲ್ಲಿ ಕೈಯಿಂದ ಒತ್ತಿ, ಒಂದು ಹೆಜ್ಜೆ ಸರಿದ ಕೂಡಲೇ ಬಿಡುತ್ತಾ ಕಲಿಸಿ.

ಒಂಟಿಯಾಗಿ ಹೊರಗೆ ಬರುವುದಿಲ್ಲ, ಬಲಗಡೆಯಿಂದ ಹೋದರೆ ಬೆಚ್ಚುತ್ತದೆ: ಇವೆರಡೂ ಅಭ್ಯಾಸದ್ದೇ. ರೇಸಿನಲ್ಲಿ ಗುಂಪಾಗಿ ಹೋಗಿದೆ, ಎಲ್ಲ ಕೆಲಸ ಎಡಗಡೆಯಿಂದ ಮಾಡಿಸಿಕೊಂಡಿದೆ. ಸಮಯ ಕೊಡಿ.

ಮಾಲೀಕರ ಭಯ

ಸ್ವೀಡನ್ನಿನಲ್ಲಿ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕುದುರೆಯನ್ನು ನಡೆಸುವವರಿಗೂ ಸವಾರರಿಗೂ, ಮುಂದಿನ ಸುತ್ತಿನಲ್ಲಿ ಕೊಡೆ ಥಟ್ಟನೆ ಬಿಚ್ಚುತ್ತೇವೆ ಅಂತ ಹೇಳಿದರು. ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಕುದುರೆಗಳದ್ದೂ ಏರಿತು. ಹಾಗಾಗಿ 'ಅದಕ್ಕೆ ಗೊತ್ತಾಗುತ್ತೆ' ಅನ್ನುವ ಮಾತು ಸುಳ್ಳಲ್ಲ. ಆದರೆ ಅದೇ ಅಧ್ಯಯನದಲ್ಲಿ ಕುದುರೆಗಳ ಹೊರ ವರ್ತನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದೆಬಡಿತ ಏರುವುದಕ್ಕೂ ಕಚ್ಚುವುದಕ್ಕೂ ತುಂಬಾ ದೂರವಿದೆ.

ಆ ದೂರವನ್ನು ತುಂಬುವುದು ಭಯವಲ್ಲ, ಭಯದಿಂದ ನಾವು ಮಾಡುವ ಸಣ್ಣ ಕೆಲಸಗಳು. ಕುದುರೆ ಮೂತಿ ಚಾಚುತ್ತದೆ, ನೀವು ಒಂದು ಹೆಜ್ಜೆ ಹಿಂದೆ ಹೋಗುತ್ತೀರಿ. ಅದಕ್ಕೆ ಸಿಕ್ಕ ಪಾಠ: ಮೂತಿ ಚಾಚಿದರೆ ಮನುಷ್ಯ ದೂರ ಹೋಗುತ್ತಾನೆ. ನಾಳೆ ಹಲ್ಲು ತೋರಿಸುತ್ತದೆ, ನೀವು ಎರಡು ಹೆಜ್ಜೆ. ಎರಡೇ ವಾರದಲ್ಲಿ ನೀವೇ ಕಚ್ಚುವ ಕುದುರೆಯನ್ನು ತಯಾರು ಮಾಡಿರುತ್ತೀರಿ. ಹೊಡೆಯುವುದು ಉತ್ತರವಲ್ಲ, ಹೊಡೆತಕ್ಕೆ ಅದು ಮೂತಿಯನ್ನು ಇನ್ನೂ ಬೇಗ ಎಳೆದುಕೊಳ್ಳಲು ಕಲಿಯುತ್ತದೆ ಅಷ್ಟೇ. ಹಿಂದೆ ಹೋಗುವ ಬದಲು ಹಗ್ಗ ಅಲ್ಲಾಡಿಸಿ ಕುದುರೆಯನ್ನೇ ಹಿಂದಕ್ಕೆ ಕಳಿಸಿ. ಅದು ಒಂದು ಹೆಜ್ಜೆ ಸರಿದರೆ ಸಾಕು, ನಿಲ್ಲಿಸಿ. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ. ಯಾರು ಯಾರನ್ನು ಸರಿಸುತ್ತಾರೆ ಅನ್ನುವುದು ಇತ್ಯರ್ಥವಾದರೆ ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ.

ಮೇಲೆ ಕೂತಾಗ ಭಯ ಮೂರು ಕಡೆ ಕಾಣುತ್ತದೆ: ಉಸಿರು ಕಟ್ಟುವುದು, ಮಂಡಿ ಬಿಗಿಯುವುದು, ಕೈ ಗಿಡ್ಡವಾಗುವುದು. ಉಸಿರಿಗೆ ಜೋರಾಗಿ ಹಾಡು ಹೇಳಿ, ಅಥವಾ ಮಗ್ಗಿ ಹೇಳಿ. ಮಾತಾಡುತ್ತಾ ಉಸಿರು ಕಟ್ಟಲು ಆಗುವುದಿಲ್ಲ. ಕೈಗೆ, ಹಳೆಯ ರಿಕಾಪಿನ ಪಟ್ಟಿಯೊಂದನ್ನು ಕುದುರೆಯ ಕೊರಳಿಗೆ ಹಾಕಿ. ಭಯವಾದಾಗ ಲಗಾಮಿನ ಬದಲು ಅದನ್ನು ಹಿಡಿಯಿರಿ. ನಾಚಿಕೆ ಪಡುವಂಥದ್ದಲ್ಲ, ಅನುಭವಿ ಸವಾರರೂ ಮರಿ ಕುದುರೆಯ ಮೇಲೆ ಹೀಗೇ ಮಾಡುತ್ತಾರೆ.

ಎಲ್ಲಿ ನಿಲ್ಲಿಸಬೇಕು

ಹಿಂಗಾಲಲ್ಲಿ ನಿಂತು ಹಿಂದಕ್ಕೆ ಬೀಳುವ ಕುದುರೆ, ಗುರಿಯಿಟ್ಟು ಒದೆಯುವ ಕುದುರೆ, ಬೇಲಿ ರಸ್ತೆ ನೋಡದೆ ಓಡುವ ಕುದುರೆ: ಈ ಮೂರರಲ್ಲಿ ಒಂದಿದ್ದರೂ ನೀವು ಸರಿಪಡಿಸಲು ಹೋಗಬೇಡಿ. ವೈದ್ಯರ ತಪಾಸಣೆಯ ನಂತರ, ರೇಸ್ ಕುದುರೆಗಳನ್ನು ಸವಾರಿಗೆ ತಿರುಗಿಸಿ ಅನುಭವವಿರುವವರ ಕೈಗೆ ಕೊಡಿ. ಬೀಜ ಒಡೆಸದ ಗಂಡು ಕುದುರೆಯನ್ನು ಹೊಸಬರು ಇಟ್ಟುಕೊಳ್ಳುವುದೇ ಬೇಡ ಅಂತ ನನ್ನ ಅಭಿಪ್ರಾಯ. ಒಡೆಸಿದ ಮೇಲೂ ಹಳೆಯ ಚಾಳಿ ಇಳಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಎಲ್ಲ ನೋಡಿಯಾಯಿತು, ನೋವಿಲ್ಲ, ಮೇವು ಸರಿ, ತರಬೇತುದಾರರ ಕೈಯಲ್ಲಿ ಕುದುರೆ ಚೆನ್ನಾಗಿ ನಡೆಯುತ್ತದೆ, ನಿಮ್ಮ ಕೈಯಲ್ಲಿ ಮಾತ್ರ ಇಲ್ಲ. ಆಗ ತರಬೇತುದಾರರು ಕುದುರೆಗಲ್ಲ, ನಿಮಗೆ ಬೇಕು, ಅದೂ ಬೇರೆ ಹಳೆಯ ಸಾಧು ಕುದುರೆಯ ಮೇಲೆ. ಕೆಲವು ತಿಂಗಳು ಹಾಗೆ ಕಲಿತರೂ ನಿಮ್ಮ ಕುದುರೆಯ ಹತ್ತಿರ ಹೋಗುವಾಗ ಹೊಟ್ಟೆಯಲ್ಲಿ ಕಲಸಿದಂತಾದರೆ ಮಾರಿಬಿಡಿ. ಮಾರುವಾಗ ಆ ನೋಟ್‌ಬುಕ್, ವೈದ್ಯರ ಚೀಟಿಗಳು, ಕೊನೆಯ ಲಾಳದ ತಾರೀಖು ಮೂರನ್ನೂ ಹೊಸ ಮಾಲೀಕರ ಕೈಗೆ ಕೊಡಿ, ವಿಡಿಯೊಗಳನ್ನೂ ಕಳಿಸಿ.